ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ಇಮೇಲ್ ಐಡಿ, ಈಗ ನಾನೇ ಲ್ಯಾಪ್‌ಟಾಪಲ್ಲಿ ಓಪನ್ ಮಾಡೋದು ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ?

ಹೊಸದುರ್ಗದ ಟೀಚರ್

ಎಲ್ರಿಗೂ ನಮಸ್ಕಾರ. ನಾನು ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್, 63 ವರ್ಷ. ಅಕ್ಕನ ಮಗಳು ಹೊಸ ಲ್ಯಾಪ್‌ಟಾಪ್ ತಗೊಂಡಳು ಅಂತ ಹಳೇದನ್ನ ನನಗೆ ಬಿಟ್ಟು ಹೋಗಿದಾಳೆ. ಮನೇಲಿ ನೆಟ್ ಇದೆ, ಟೈಮೂ ಇದೆ. ಫೋನಲ್ಲಿ ವಾಟ್ಸಾಪ್, ಯೂಟ್ಯೂಬ್ ಎಲ್ಲಾ ನೋಡ್ತೀನಿ, ಆದ್ರೆ ಇಮೇಲ್ ಅಂದ್ರೆ ಇವತ್ತಿಗೂ ಭಯ. ಬ್ಯಾಂಕಿಗೆ ಹೋಗ್ಲಿ ಇನ್ಶೂರೆನ್ಸ್ ಆಫೀಸಿಗೆ ಹೋಗ್ಲಿ "ಮೇಡಂ ಮೇಲ್ ಕಳಿಸಿದೀವಿ ನೋಡ್ಕೊಳ್ಳಿ" ಅಂತಾರೆ, ನಾನು ಹೂಂ ಅಂತ ಎದ್ದು ಬರ್ತೀನಿ, ನೋಡೋಕೆ ಬರಲ್ಲ ಅಂತ ಹೇಳೋಕೆ ಸಂಕೋಚ ಆಗುತ್ತೆ.

ನನ್ನ ಐಡಿ 2016ರಲ್ಲಿ ಒಂದು ಆನ್‌ಲೈನ್ ಅರ್ಜಿ ಹಾಕುವಾಗ ಸೈಬರ್ ಸೆಂಟರ್ ಹುಡುಗ ಮಾಡಿಕೊಟ್ಟಿದ್ದು. ಐಡಿ, ಪಾಸ್‌ವರ್ಡ್ ಎರಡೂ ಡೈರೀಲಿ ಬರ್ಕೊಂಡಿದೀನಿ. ಹಾಕಿದ್ರೆ ಪಾಸ್‌ವರ್ಡ್ ತಪ್ಪು ಅಂತ ಬರುತ್ತೆ. ಮರೆತಿದೀರಾ ಅನ್ನೋದನ್ನ ಒತ್ತಿದ್ರೆ ಕೊನೇಲಿ 47 ಇರೋ ನಂಬರ್‌ಗೆ ಕೋಡ್ ಕಳಿಸ್ತೀವಿ ಅಂತ ತೋರಿಸುತ್ತೆ. ಆ ನಂಬರ್ ನನ್ನದಲ್ಲ, ನಮ್ಮ ಮನೇಲಿ ಯಾರದ್ದೂ ಅಲ್ಲ. ಫೋನಲ್ಲಿರೋ ಜಿಮೇಲ್ ಬೇರೆ ಐಡಿ ಅಂತೆ, ಅದು ಮೊಬೈಲ್ ಅಂಗಡಿಯವರು ಮಾಡಿದ್ದು, ಅದರ ಪಾಸ್‌ವರ್ಡ್ ಅಂತೂ ನನಗೆ ಯಾರೂ ಹೇಳೇ ಇಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಫೋನಲ್ಲಿ ನೋಡೋ ಮೇಲ್, ಕಂಪ್ಯೂಟರಲ್ಲಿ ನೋಡೋ ಮೇಲ್ ಬೇರೆ ಬೇರೇನಾ? ತಪ್ಪಾಗಿ ಏನಾದ್ರೂ ಒತ್ತಿ ಎಲ್ಲಾ ಅಳಿಸಿ ಹೋದ್ರೆ? ಆ ಹಳೇ ಐಡಿ ವಾಪಸ್ ಸಿಗುತ್ತಾ, ಇಲ್ಲಾ ಹೊಸದು ಮಾಡ್ಲಾ? ದಯವಿಟ್ಟು ನಿಧಾನಕ್ಕೆ ಹೇಳಿ, ಮನೆ ಮಕ್ಕಳು ಹೇಳಿಕೊಡ್ತೀನಿ ಅಂತ ಕೂತು ತಾವೇ ಟಕಟಕ ಅಂತ ಒತ್ತಿ ಎದ್ದು ಹೋಗ್ತಾರೆ.

ಉಡುಪಿ ಕಂಪ್ಯೂಟರ್ ಕ್ಲಾಸ್

ಟೀಚರೇ, ನಿಮ್ಮ ಕೊನೆಯ ವಾಕ್ಯ ಓದಿ ನನಗೆ ಬರೀಲೇಬೇಕು ಅಂತ ಆಯ್ತು. ನಾನು ಹನ್ನೊಂದು ವರ್ಷದಿಂದ ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡ್ತಾ ಇದ್ದೇನೆ. ನನ್ನ ಕ್ಲಾಸಲ್ಲಿ ಒಂದೇ ನಿಯಮ ಉಂಟು, ಕಲಿಸುವವ ಮೌಸ್ ಮುಟ್ಟಬಾರದು. ಕೈ ಹಿಂದೆ ಕಟ್ಟಿಕೊಂಡು ನಿಂತು ಬಾಯಲ್ಲಿ ಮಾತ್ರ ಹೇಳಬೇಕು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹೋಗ್ತದೆ, ಹೋಗಲಿ, ಆದರೆ ಅದು ಕಲಿತವರ ಕೈಯಲ್ಲಿ ಉಳೀತದೆ.

ಮೊದಲ ಮೂರು ದಿನ ಇಮೇಲ್ ಬೇಡ. ಮೌಸ್ ಮಾತ್ರ. ಮೌಸ್ ಟೇಬಲ್ಲಿನ ಅಂಚಿಗೆ ಬಂದರೆ ಎತ್ತಿ ಮತ್ತೆ ಮಧ್ಯದಲ್ಲಿ ಇಡಬಹುದು, ಬಾಣ ಇದ್ದಲ್ಲೇ ಇರ್ತದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ ಮಾರಾಯ್ರೇ, ನನ್ನ ಹತ್ರ ಬರುವವರಲ್ಲಿ ಅರ್ಧ ಜನ ಟೇಬಲ್ ಅಂಚಲ್ಲೇ ಕೈ ಬಿಗಿಹಿಡಿದು ಕೂತಿರ್ತಾರೆ. ಇನ್ನೊಂದು, ಡೆಸ್ಕ್‌ಟಾಪ್ ಮೇಲಿನ ಚಿತ್ರಕ್ಕೆ ಎರಡು ಸಲ ಕ್ಲಿಕ್, ಬ್ರೌಸರ್ ಅಂದರೆ ಕ್ರೋಮ್ ಥರ ನೆಟ್ ನೋಡುವ ಪ್ರೋಗ್ರಾಂ, ಅದರ ಒಳಗೆ ಎಲ್ಲದಕ್ಕೂ ಒಂದೇ ಸಲ. ಅಭ್ಯಾಸಬಲದಿಂದ ಎರಡು ಸಲ ಒತ್ತಿದರೆ ಕೆಲವು ಕಡೆ ಓಪನ್ ಆಗಿದ್ದು ಮತ್ತೆ ಮುಚ್ಚಿಕೊಳ್ತದೆ, ಆಗ ಕಂಪ್ಯೂಟರ್ ಹಾಳಾಯ್ತು ಅಂತ ಹೆದರ್ತಾರೆ.

ಅಕ್ಷರ ಸಣ್ಣ ಕಾಣ್ತದೆ ಅಂತಾದರೆ ಕಂಟ್ರೋಲ್ ಕೀ ಒತ್ತಿ ಹಿಡಿದು ಪ್ಲಸ್ ಒತ್ತಿ, ಪೇಜ್ ಪೂರ್ತಿ ದೊಡ್ಡದಾಗ್ತದೆ. ಮೈನಸ್ ಒತ್ತಿದರೆ ಸಣ್ಣದು. ಕನ್ನಡಕದ ನಂಬರ್ ಜಾಸ್ತಿ ಇರುವವರಿಗೆ ನಾನು ಮೊದಲ ದಿನವೇ ಇದನ್ನು ಹೇಳಿಕೊಡ್ತೇನೆ.

ನಾಲ್ಕನೇ ದಿನ ಬ್ರೌಸರ್ ತೆರೆದು ಮೇಲ್ಗಡೆ ಉದ್ದ ಪಟ್ಟಿ ಇರ್ತದಲ್ಲ, ಅಲ್ಲಿ ಜಿಮೇಲ್ ಡಾಟ್ ಕಾಮ್ ಅಂತ ಟೈಪ್ ಮಾಡಿ ಎಂಟರ್. ಡೆಸ್ಕ್‌ಟಾಪಲ್ಲಿ ಇಮೇಲ್ ಅಂತ ಚಿತ್ರ ಹುಡುಕುತ್ತಾ ಕೂರಬೇಡಿ, ಅದು ಬೇಕಾಗುವುದೇ ಇಲ್ಲ. ಆ @ ಚಿಹ್ನೆ 2ರ ಕೀ ಮೇಲೆ ಉಂಟು, ಎಡಗೈಯಲ್ಲಿ ಶಿಫ್ಟ್ ಒತ್ತಿ ಹಿಡಿದೇ ಇರಿ, ಬಲಗೈಯಲ್ಲಿ 2 ಒಂದು ಸಲ ತಟ್ಟಿ, ಆಮೇಲೆ ಶಿಫ್ಟ್ ಬಿಡಿ.

ಧಾರವಾಡದ ಅಂಚೆ ಕಾಕಾ

ಅಕ್ಕೋರ, ನಮಸ್ಕಾರ್ರೀ. ನಾ ಪೋಸ್ಟಿನ್ಯಾಗ 36 ವರ್ಷ ದುಡದಾಂವ, ಹಿಂಗಾಗಿ ನನಗ ತಿಳದ ರೀತಿಯೊಳಗ ಹೇಳ್ತೀನಿ. ದೊಡ್ಡ ಪೋಸ್ಟ್ ಆಫೀಸಿನ್ಯಾಗ ಪೋಸ್ಟ್ ಬಾಕ್ಸ್ ಅಂತ ಇರ್ತಾವ ನೋಡ್ರಿ, ಕಾಗದ ಮನೀಗೆ ಬರೂದಿಲ್ಲ, ಅಲ್ಲೇ ಪೆಟ್ಟಿಗ್ಯಾಗ ಕುಂತಿರ್ತದ, ಕೀಲಿ ಇದ್ದಾಂವ ಹೋಗಿ ತಗದು ಓದಬೇಕು. ಜಿಮೇಲೂ ಹಂಗ. ನಿಮ್ಮ ಪತ್ರ ಲ್ಯಾಪ್‌ಟಾಪಿನ್ಯಾಗ ಇಲ್ಲ, ಫೋನಿನ್ಯಾಗೂ ಇಲ್ಲ, ಆ ಕಂಪನಿ ಕಂಪ್ಯೂಟರಿನ್ಯಾಗ ಅದಾವ. ನೀವು ಫೋನಿಂದ ನೋಡ್ರಿ, ಲ್ಯಾಪ್‌ಟಾಪಿಂದ ನೋಡ್ರಿ, ಅಮೆರಿಕದಾಗ ಕುಂತ ನೋಡ್ರಿ, ಪೆಟ್ಟಿಗಿ ಒಂದ. ನಾಳೆ ಲ್ಯಾಪ್‌ಟಾಪ್ ಕೆಟ್ಟು ಹೋದ್ರೂ ಪತ್ರಕ್ಕ ಏನೂ ಆಗೂದಿಲ್ಲ.

ಮೊದಲ ಹಿಂಗಿರಲಿಲ್ಲ. ಆವಾಗ ಮೇಲ್ ಯಾವ ಕಂಪ್ಯೂಟರಿಗೆ ಇಳಿಸಿಕೊಂಡಿರ್ತೀರೋ ಅಲ್ಲೇ ಓದಬೇಕಿತ್ತು. 1996ರ ಜುಲೈ 4ಕ್ಕ ಸಬೀರ್ ಭಾಟಿಯಾ ಮತ್ತ ಜ್ಯಾಕ್ ಸ್ಮಿತ್ ಅಂಬೋರು ಹಾಟ್‌ಮೇಲ್ ಶುರು ಮಾಡಿದ್ರು, ಯಾವ ಕಂಪ್ಯೂಟರಿನ ಬ್ರೌಸರಿಂದರೇ ಮೇಲ್ ಓದೋ ಹಂಗ ಆತು. ಭಾಟಿಯಾ ಸಾಲಿ ಕಲ್ತಿದ್ದು ನಮ್ಮ ಬೆಂಗಳೂರಾಗ, ಅದನ್ನ ಹೇಳೂದಕ್ಕ ನನಗ ಖುಷಿ. ಇನ್ನ ಆ @ ಅನ್ನೋದನ್ನ 1971ರಾಗ ರೇ ಟಾಮ್ಲಿನ್‌ಸನ್ ಅಂಬೋ ಇಂಜಿನಿಯರ್ ಆರಿಸಿದ್ದು. ಅದರ ಎಡಕ್ಕ ಇರೂದು ನಿಮ್ಮ ಹೆಸರು, ಬಲಕ್ಕ ಇರೂದು ಪೆಟ್ಟಿಗಿ ಯಾವ ಆಫೀಸಿನ್ಯಾಗ ಅದ ಅನ್ನೋದು. ಮುಂದ ಮೋಸದ ಮೇಲ್ ಗುರ್ತ ಹಿಡೀಲಿಕ್ಕೆ ಬಲಗಡೆ ಭಾಗನ ನಿಮಗ ಉಪಯೋಗಕ್ಕ ಬರ್ತದ, ಅದನ್ನ ನೆನಪಿನ್ಯಾಗ ಇಟ್ಕೋರಿ.

ಆದ್ರ ಅಕ್ಕೋರ, ನಿಮ್ಮ ಪೆಟ್ಟಿಗಿ ಕೀಲಿ ಬ್ಯಾರೇದಾವ್ರ ಕಿಸೇದಾಗ ಅದ. ಮೊದಲ ಅದನ್ನ ಇಸ್ಕೋಬೇಕು.

ತುಮಕೂರು ಸೈಬರ್

ನಾನೂ 2009ರಿಂದ ಹತ್ತು ವರ್ಷ ಸೈಬರ್ ಸೆಂಟರ್ ನಡೆಸಿದೋನು, ಹಾಗಾಗಿ ಆ ಕಡೆ ಮಾತೂ ಹೇಳ್ತೀನಿ. ನಾವು ಬೇಕು ಅಂತ ಮೋಸ ಮಾಡಿ ನಮ್ಮ ನಂಬರ್ ಹಾಕ್ತಿರಲಿಲ್ಲ. ಅರ್ಜಿ ಹಾಕೋಕೆ ಕೊನೇ ದಿನ, ಅಂಗಡಿ ಮುಂದೆ ನಲವತ್ತು ಜನ, ಸರ್ವರ್ ಬರೋದು ರಾತ್ರಿ ಹತ್ತಕ್ಕೆ. ಬಂದೋರಿಗೆ ಇಮೇಲ್ ಐಡಿ ಇರಲ್ಲ, ಫಾರಂ ಇಮೇಲ್ ಇಲ್ದೆ ಮುಂದಕ್ಕೆ ಹೋಗಲ್ಲ, ಅವರ ಫೋನು ಮನೇಲಿ ಬಿಟ್ಟು ಬಂದಿರ್ತಾರೆ ಇಲ್ಲಾ ನೆಟ್‌ವರ್ಕ್ ಇರಲ್ಲ, ಓಟಿಪಿ ಬರಬೇಕಲ್ಲ, ಅಂಗಡಿ ಹುಡುಗನ ನಂಬರ್ ಹಾಕಿ ಮುಗಿಸ್ತಿದ್ವಿ. ಆ ಹೊತ್ತಿಗೆ ಅದು ಉಪಕಾರ ಅನ್ನಿಸ್ತಿತ್ತು. ಈಗ ಯೋಚನೆ ಮಾಡಿದ್ರೆ ತಪ್ಪು ಅಂತ ಗೊತ್ತಾಗುತ್ತೆ, ನೂರಾರು ಜನರ ಮೇಲ್ ಬಾಕ್ಸ್ ಅವರ ಕೈಗೇ ಸಿಗದಂಗೆ ಮಾಡಿಬಿಟ್ವಿ, ಇದನ್ನ ನಾನು ಮನಸ್ಸಿಂದ ಹೇಳ್ತಿದೀನಿ.

ಟೀಚರ್, ಮೊದಲು ಆ ಅಂಗಡಿಗೆ ಹೋಗಿ. ಬಹಳ ಸೆಂಟರ್‌ಗಳಲ್ಲಿ ಒಂದು ಉದ್ದ ರಿಜಿಸ್ಟರ್ ಇರುತ್ತೆ, ದಿನಾಂಕ, ಹೆಸರು, ಐಡಿ, ಪಾಸ್‌ವರ್ಡ್ ಬರೆದಿಟ್ಟಿರ್ತಾರೆ. ಬೈಯಬೇಡಿ, 47ರಲ್ಲಿ ಮುಗಿಯೋ ನಂಬರ್ ಯಾರದ್ದು ಅಂತ ಕೇಳಿ, ಅಂಗಡಿಯವರಿಗೆ ತಕ್ಷಣ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಡೈರೀಲಿ ಬರೆದ ಪಾಸ್‌ವರ್ಡ್ ಇನ್ನೊಂದು ಸಲ ನೋಡಿ. ಸೈಬರ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್, ಆಮೇಲೆ @, ಆಮೇಲೆ 123 ಹಾಕ್ತಿದ್ವಿ. ನೀವು ಬರ್ಕೊಳ್ಳುವಾಗ ಎಲ್ಲಾ ಸ್ಮಾಲ್‌ನಲ್ಲೋ ಎಲ್ಲಾ ಕ್ಯಾಪಿಟಲ್‌ನಲ್ಲೋ ಬರ್ಕೊಂಡಿರಬಹುದು. ಸೊನ್ನೆಗೂ ಇಂಗ್ಲಿಷ್ ಓ ಅಕ್ಷರಕ್ಕೂ ಡೈರೀಲಿ ವ್ಯತ್ಯಾಸ ಕಾಣಲ್ಲ. ಪಾಸ್‌ವರ್ಡ್ ತೋರಿಸು ಅನ್ನೋ ಬಾಕ್ಸ್ ಟಿಕ್ ಮಾಡಿ ಕಣ್ಣಿಗೆ ಕಾಣೋ ಹಾಗೆ ಟೈಪ್ ಮಾಡಿ.

ಜಯನಗರ ವಾಕಿಂಗ್

ಇಷ್ಟೆಲ್ಲಾ ಯಾಕೆ? ಐದು ನಿಮಿಷದಲ್ಲಿ ಹೊಸ ಐಡಿ ಆಗುತ್ತೆ. ತಮ್ಮ ನಂಬರ್ ಕೊಟ್ಟು ಹೊಸದು ಮಾಡ್ಕೊಂಡು ಹಳೇದು ಬಿಟ್ಟಾಕ್ಲಿ. ನಮ್ಮ ತಾಯಿಗೆ ನಾನು ಹಾಗೇ ಮಾಡಿದ್ದು.

ತುಮಕೂರು ಸೈಬರ್

ಸಾರ್, ಹೊಸದು ಮಾಡೋದು ಸುಲಭ, ನಾನೂ ಒಪ್ತೀನಿ. ಆದ್ರೆ 2016ರಿಂದ ಆ ಐಡಿ ಎಲ್ಲೆಲ್ಲಿ ಕೊಟ್ಟಿದಾರೋ ಅವರಿಗೇ ಗೊತ್ತಿಲ್ಲ. ಬ್ಯಾಂಕು, ಇನ್ಶೂರೆನ್ಸು, ಪ್ಯಾನ್ ಕಾರ್ಡು, ಆಧಾರ್ ಎಲ್ಲಾ ಕಡೆ ಅದೇ ಇರಬಹುದು. ಆ ನಂಬರ್ ಇರೋ ವ್ಯಕ್ತಿ ಮನಸ್ಸು ಮಾಡಿದ್ರೆ ಇವರ ಮೇಲ್ ಬಾಕ್ಸ್ ತೆಗೀಬಹುದು, ಅದೇ ನನಗೆ ಭಯ. ಇನ್ನೊಂದು ವಿಷ್ಯ, ಎರಡು ವರ್ಷ ಯಾರೂ ಮುಟ್ಟದ ಅಕೌಂಟನ್ನ ಗೂಗಲ್ ಅಳಿಸಿ ಹಾಕಬಹುದು, 2023ರ ಡಿಸೆಂಬರಿಂದ ಆ ನಿಯಮ ಶುರುವಾಗಿದೆ. ಟೀಚರ್‌ಗೆ ಕೋಡ್ ಕಳಿಸ್ತೀವಿ ಅಂತ ತೋರಿಸ್ತಾ ಇದೆ ಅಂದ್ರೆ ಐಡಿ ಇನ್ನೂ ಜೀವಂತ ಇದೆ. ಹೊಸದು ಮಾಡ್ಲಿ, ಆದ್ರೆ ಹಳೇದನ್ನ ಕೈಗೆ ತಗೊಂಡ ಮೇಲೆ ಮಾಡ್ಲಿ.

ಜಯನಗರ ವಾಕಿಂಗ್

ಆಧಾರ್, ಬ್ಯಾಂಕ್ ವಿಷಯ ನಾನು ಯೋಚನೆ ಮಾಡಿರಲಿಲ್ಲ. ನೀವು ಹೇಳೋದು ಸರಿ. ನಮ್ಮ ತಾಯಿದೂ ಹಳೇ ಐಡಿ ಎಲ್ಲೆಲ್ಲಿದೆ ಅಂತ ಈ ಭಾನುವಾರ ಕೂತು ನೋಡ್ತೀನಿ.

ಹೊಸದುರ್ಗದ ಟೀಚರ್

ಇಷ್ಟು ಜನ ಇಷ್ಟು ತಾಳ್ಮೆಯಿಂದ ಬರೆದಿದೀರಿ, ಎಲ್ಲಾನೂ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಅಂಚೆ ಕಾಕಾ ಹೇಳಿದ ಪೆಟ್ಟಿಗೆ ಮಾತು ಓದಿದ ಮೇಲೆ ನನಗೆ ಅರ್ಧ ಭಯ ಹೋಯ್ತು, ಲ್ಯಾಪ್‌ಟಾಪ್ ಒಳಗೇ ಎಲ್ಲಾ ಇದೆ, ಆಫ್ ಮಾಡಿದ್ರೆ ಹೋಗಿಬಿಡುತ್ತೆ ಅಂತಾನೇ ಅಂದ್ಕೊಂಡಿದ್ದೆ.

ಮೌಸ್ ಮೂರು ದಿನ ಅಭ್ಯಾಸ ಮಾಡಿದೆ. @ ಬಂತು! ಮೊದಲು ಶಿಫ್ಟ್ ಒತ್ತಿ ಬಿಟ್ಟು ಆಮೇಲೆ 2 ಒತ್ತುತ್ತಿದ್ದೆ, ಅದಕ್ಕೇ 2 ಅಂತಾನೇ ಬೀಳ್ತಿತ್ತು. ಒತ್ತಿ ಹಿಡಿದೇ ಇರಬೇಕು ಅಂತ ಬರೆದಿದ್ರಲ್ಲ, ಆಮೇಲೆ ಸರಿಹೋಯ್ತು. ಸದ್ಯ ಅಕ್ಕನ ಮಗಳ ಹತ್ರ ಫೋನಲ್ಲಿ ಮಾತಾಡ್ಕೊಂಡು, ನನ್ನ ನಂಬರ್ ಕೊಟ್ಟು, ನಾನೇ ಟೈಪ್ ಮಾಡಿ ಒಂದು ಹೊಸ ಐಡಿ ಮಾಡ್ಕೊಂಡೆ ಅಭ್ಯಾಸಕ್ಕೆ ಅಂತ. ಹಳೇದನ್ನ ಬಿಡಲ್ಲ, ಈ ವಾರ ಸೈಬರ್ ಸೆಂಟರ್‌ಗೆ ಹೋಗ್ತೀನಿ. ಈಗ ಯಾರಿಗೆ ಏನು ಕಳಿಸ್ಲಿ? ತಪ್ಪಾದ್ರೆ?

ಉಡುಪಿ ಕಂಪ್ಯೂಟರ್ ಕ್ಲಾಸ್

ನಿಮಗೆ ನೀವೇ ಕಳಿಸಿ. ಟು ಅನ್ನುವ ಜಾಗದಲ್ಲಿ ನಿಮ್ಮದೇ ಐಡಿ ಹಾಕಿ. ನಾನು ಎಲ್ಲರಿಗೂ ಮೊದಲ ಹತ್ತು ಮೇಲ್ ಹೀಗೇ ಕಳಿಸಲಿಕ್ಕೆ ಹೇಳುವುದು. ಕಳಿಸಿದವರಿಗೆ ಹೇಗೆ ಕಾಣ್ತದೆ, ಸಿಕ್ಕಿದವರಿಗೆ ಹೇಗೆ ಕಾಣ್ತದೆ ಎರಡೂ ನಿಮಗೇ ಗೊತ್ತಾಗ್ತದೆ, ಎಷ್ಟು ತಪ್ಪಿದರೂ ನೋಡುವವರು ನೀವೇ.

ಅಳಿಸಿ ಹೋಗುವ ಭಯ ಬಿಡಿ. ಬರೀತಾ ಇರುವಾಗ ಕರೆಂಟ್ ಹೋದರೂ ಬರೆದಷ್ಟು ಡ್ರಾಫ್ಟ್ ಅನ್ನುವ ಕಡೆ ತಾನಾಗಿಯೇ ಉಳಿದಿರ್ತದೆ. ಡಿಲೀಟ್ ಮಾಡಿದ್ದು ಟ್ರ್ಯಾಶ್‌ನಲ್ಲಿ 30 ದಿನ ಇರ್ತದೆ, ಅಲ್ಲಿಂದ ವಾಪಸ್ ತರಬಹುದು. ಕಳಿಸಿದ ತಕ್ಷಣ ಕೆಳಗೆ ಎಡಮೂಲೆಯಲ್ಲಿ ಅನ್‌ಡು ಅಂತ ಬರ್ತದೆ, ಅದನ್ನು ಒತ್ತಿದರೆ ಹೋದ ಮೇಲ್ ನಿಲ್ತದೆ. ಅದು ಇರುವುದು 5 ಸೆಕೆಂಡ್ ಮಾತ್ರ, ನಮ್ಮಂಥವರಿಗೆ ಸಾಲುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು 30 ಸೆಕೆಂಡ್ ಮಾಡಿಟ್ಟುಕೊಳ್ಳಿ. ಬದಲಾಯಿಸಿದ ಮೇಲೆ ಆ ಪೇಜಿನ ಪೂರ್ತಿ ಕೆಳಗೆ ಹೋಗಿ ಸೇವ್ ಒತ್ತಬೇಕು, ಅದು ಎಲ್ಲರೂ ಮರೆಯುವ ಜಾಗ.

ರಾಯಚೂರು ರೈತ

ನನದೂ ಒಂದು ಸಮಸ್ಯೆ ಐತ್ರಿ, ಇಲ್ಲೇ ಕೇಳ್ತೀನಿ. ಸೊಸೈಟಿ ಮೀಟಿಂಗಿನ ನಡಾವಳಿ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನೊಳಗ ಟೈಪ್ ಮಾಡಿದ್ದು ಇತ್ತು, ಅದನ್ನ ಕಾಪಿ ಮಾಡಿ ಮೇಲ್‌ನ್ಯಾಗ ಹಾಕಿ ಕಳಿಸಿದೆ. ಅವರು ಫೋನ್ ಮಾಡಿ ಇದೇನ್ರಿ ಇಂಗ್ಲಿಷಿನ್ಯಾಗ ಏನೇನೋ ಬಂದೈತಿ ಅಂದ್ರು. ನೋಡಿದ್ರ ಇಂಗ್ಲಿಷ್ ಅಕ್ಷರ, ಅದರ ಮ್ಯಾಲ ಚುಕ್ಕಿ, ಕೊಂಬು. ಒಂದು ಅಕ್ಷರಾನೂ ಕನ್ನಡ ಇಲ್ಲ. ವೈರಸ್ ಏನ್ರಿ?

ಶಿವಮೊಗ್ಗ ಡಿಟಿಪಿ

ವೈರಸ್ ಅಲ್ಲ ಸಾರ್, ಗಾಬರಿ ಬೇಡ. ಅದು ಹಳೇ ಫಾಂಟ್ ಸಮಸ್ಯೆ. ನುಡಿಯ ಹಳೇ ಫಾಂಟುಗಳಲ್ಲಿ ಒಳಗೆ ಇರೋದು ಇಂಗ್ಲಿಷ್ ಸಂಕೇತವೇ, ಫಾಂಟ್ ಅದನ್ನ ಕನ್ನಡ ಥರ ತೋರಿಸುತ್ತೆ ಅಷ್ಟೇ. ಮೇಲ್‌ಗೆ ಪೇಸ್ಟ್ ಮಾಡಿದಾಗ ಫಾಂಟ್ ಜೊತೆಗೆ ಹೋಗಲ್ಲ, ಒಳಗಿನ ಸಂಕೇತ ಹೊರಗೆ ಕಾಣುತ್ತೆ. ನೀವು ಟೈಪ್ ಮಾಡುವಾಗ ಯೂನಿಕೋಡ್ ಅನ್ನೋದನ್ನ ಆರಿಸಿಕೊಂಡು ಮಾಡಿದ್ರೆ ಪ್ರಪಂಚದ ಯಾವ ಕಂಪ್ಯೂಟರಲ್ಲಾದ್ರೂ ಕನ್ನಡವಾಗೇ ಕಾಣುತ್ತೆ, ನುಡಿಯಲ್ಲೂ ಆ ಆಯ್ಕೆ ಇದೆ, ಬರಹ ಅನ್ನೋ ಸಾಫ್ಟ್‌ವೇರಲ್ಲೂ ಇದೆ. ಹಳೇ ಫೈಲ್ ಇದ್ರೆ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಒಂದು ಸಲ ಓದಿ ನೋಡಿ, ಅಲ್ಲಲ್ಲಿ ತಪ್ಪು ಬಿದ್ದಿರುತ್ತೆ. ಅರ್ಜೆಂಟ್ ಇದ್ರೆ ಪಿಡಿಎಫ್ ಮಾಡಿ ಅಟ್ಯಾಚ್ ಮಾಡಿ, ಅದರಲ್ಲಿ ಫಾಂಟ್ ಒಳಗೇ ಕೂತಿರುತ್ತೆ.

ಟೀಚರ್‌ಗೂ ಇದು ಬೇಕಾಗುತ್ತೆ. ಜಿಮೇಲ್ ಸೆಟ್ಟಿಂಗ್ಸಲ್ಲಿ ಭಾಷೆ ಅನ್ನೋ ಕಡೆ ಕನ್ನಡ ಇನ್‌ಪುಟ್ ಆನ್ ಮಾಡ್ಕೊಂಡ್ರೆ, ಇಂಗ್ಲಿಷ್ ಅಕ್ಷರದಲ್ಲಿ ಹೇಗಿದ್ದೀರಿ ಅಂತ ಟೈಪ್ ಮಾಡಿ ಸ್ಪೇಸ್ ಒತ್ತಿದ್ರೆ ಕನ್ನಡ ಆಗುತ್ತೆ. ಮೆನು ಎಲ್ಲಾನೂ ಕನ್ನಡಕ್ಕೆ ಬದಲಾಯಿಸಬಹುದು. ಆದ್ರೆ ನನ್ನ ಅಭಿಪ್ರಾಯ ಏನಂದ್ರೆ ಶುರುವಲ್ಲಿ ಮೆನು ಇಂಗ್ಲಿಷಲ್ಲೇ ಇರ್ಲಿ, ಯಾಕಂದ್ರೆ ಫೋನಲ್ಲಿ ಸಹಾಯ ಮಾಡೋರು "ಸೆಂಡ್ ಒತ್ತಿ, ಅಟ್ಯಾಚ್ ಒತ್ತಿ" ಅಂತಾನೇ ಹೇಳ್ತಾರೆ, ನಿಮ್ಮ ಸ್ಕ್ರೀನಲ್ಲಿ ಬೇರೆ ಪದ ಇದ್ರೆ ಇಬ್ಬರಿಗೂ ಗೊಂದಲ ಆಗುತ್ತೆ. ಕೈ ಕುದುರಿದ ಮೇಲೆ ಕನ್ನಡ ಮಾಡ್ಕೊಳ್ಳಿ.

ಮಸ್ಕತ್ ಕನ್ನಡಿಗ

ಇದನ್ನೆಲ್ಲಾ ಓದ್ತಾ ಅಮ್ಮನ ನೆನಪಾಯ್ತು, ಬರೀದೆ ಇರೋಕಾಗ್ಲಿಲ್ಲ. ಅಮ್ಮ ಶಿರಸಿ ಹತ್ರ ಹಳ್ಳೀಲಿ ಇರ್ತಾರೆ, ನಾನು ಇಲ್ಲಿ ಹದಿನಾಲ್ಕು ವರ್ಷದಿಂದ. ಅಪ್ಪ ತೀರಿಕೊಂಡ ಮೇಲೆ ತೋಟದ ಕಾಗದಪತ್ರ ಎಲ್ಲಾ ಸ್ಕ್ಯಾನ್ ಮಾಡಿ ಕಳಿಸೋ ಕೆಲಸ ಅಮ್ಮನ ಮೇಲೆ ಬಿತ್ತು. ಅವರ ಮೊದಲ ಮೇಲ್ ಬಂದಾಗ ತೆಗೆದು ನೋಡಿದ್ರೆ ಒಳಗೆ ಏನೂ ಇಲ್ಲ, ಪೂರ್ತಿ ಖಾಲಿ. ಏನಮ್ಮ ಖಾಲಿ ಕಳಿಸಿದೀಯ ಅಂತ ಫೋನ್ ಮಾಡಿದೆ, ಇಲ್ಲಪ್ಪ ಎರಡು ಗಂಟೆ ಕೂತು ಬರೆದಿದೀನಿ ಅಂದ್ರು. ಆಮೇಲೆ ನೋಡಿದ್ರೆ ಇಡೀ ಪತ್ರ ಸಬ್ಜೆಕ್ಟ್ ಲೈನಲ್ಲಿದೆ. ಕ್ಷೇಮದಿಂದ ಶುರುವಾಗಿ, ಅಡಿಕೆ ಕೊಳೆ ರೋಗ, ದನ ಕರು ಹಾಕಿದ್ದು, ಪಕ್ಕದ ಮನೆ ಮದುವೆ, ಕೊನೇಲಿ "ಇಂತಿ ನಿನ್ನ ಅಮ್ಮ", ಎಲ್ಲಾ ಒಂದೇ ಸಾಲು, ಪರದೆಯಲ್ಲಿ ಕಾಣೋದು ಮೊದಲ ನಾಲ್ಕು ಪದ ಮಾತ್ರ. ಆ ಮೇಲ್‌ಗೆ ಸ್ಟಾರ್ ಹಾಕಿ ಇಟ್ಕೊಂಡಿದೀನಿ, ಇವತ್ತಿಗೂ ಅಳಿಸಿಲ್ಲ.

ಹಾಗಾಗಿ ಟೀಚರ್, ಸಬ್ಜೆಕ್ಟ್ ಅಂದ್ರೆ ಅರ್ಜೀಲಿ "ವಿಷಯ:" ಅಂತ ಬರೀತೀವಲ್ಲ ಅದು. ಮೂರು ನಾಲ್ಕು ಪದ ಸಾಕು. ಅದರ ಕೆಳಗೆ ದೊಡ್ಡ ಬಿಳಿ ಜಾಗ ಇರುತ್ತೆ, ಅಲ್ಲಿ ಒಂದ್ಸಲ ಕ್ಲಿಕ್ ಮಾಡಿ ಬರೀಬೇಕು. ಫೋಟೋ, ಪಿಡಿಎಫ್ ಕಳಿಸೋಕೆ ಕೆಳಗೆ ಪೇಪರ್ ಕ್ಲಿಪ್ ಚಿತ್ರ. ಎಲ್ಲಾ ಸೇರಿ 25 ಎಂಬಿ ದಾಟಬಾರದು, ದಾಟಿದ್ರೆ ಜಿಮೇಲ್ ಅದನ್ನ ಗೂಗಲ್ ಡ್ರೈವ್ ಅನ್ನೋ ಆನ್‌ಲೈನ್ ಜಾಗಕ್ಕೆ ಹಾಕಿ ಲಿಂಕ್ ಕಳಿಸುತ್ತೆ. ಅಮ್ಮನಿಗೆ ನಾನು ಹೇಳಿದ ಕ್ರಮ ಏನಂದ್ರೆ ಮೊದಲು ಅಟ್ಯಾಚ್ ಮಾಡು, ಆಮೇಲೆ ಪತ್ರ ಬರಿ, ಕೊನೇಲಿ ವಿಳಾಸ ಹಾಕು. ವಿಳಾಸ ಇಲ್ದೆ ಮೇಲ್ ಹೋಗೋದೇ ಇಲ್ಲ, ಹಾಗಾಗಿ ಅರ್ಧಂಬರ್ಧ ಬರೆದಿದ್ದು ಕೈ ತಪ್ಪಿ ಹೋಗುತ್ತೆ ಅನ್ನೋ ಭಯ ಇರಲ್ಲ.

ಮೈಸೂರಿನ ಮಗಳು

ನಾನು ಎಚ್ಚರಿಕೆ ಮಾತು ಹೇಳ್ತೀನಿ, ದಯವಿಟ್ಟು ಯಾರೂ ಇದನ್ನ ಹಾಗೇ ದಾಟಿಕೊಂಡು ಹೋಗ್ಬೇಡಿ. ನಮ್ಮಪ್ಪ ಮೇಲ್ ಕಲಿತ ಎರಡನೇ ತಿಂಗಳಲ್ಲಿ "ನಿಮ್ಮ ಮೇಲ್ ಬಾಕ್ಸ್ ತುಂಬಿದೆ, 24 ಗಂಟೆಯಲ್ಲಿ ಮುಚ್ಚುತ್ತೆ, ಇಲ್ಲಿ ಒತ್ತಿ" ಅಂತ ಒಂದು ಮೇಲ್ ಬಂತು. ಒತ್ತಿದ್ರು. ನೋಡೋಕೆ ಜಿಮೇಲ್ ಥರಾನೇ ಇರೋ ಪೇಜ್ ಬಂತು, ಪಾಸ್‌ವರ್ಡ್ ಹಾಕಿದ್ರು. ಆಮೇಲೆ ಯಾರೋ ಫೋನ್ ಮಾಡಿ ನಯವಾಗಿ ಮಾತಾಡಿ ಓಟಿಪಿ ಕೇಳಿ ಪಡ್ಕೊಂಡು 18 ಸಾವಿರ ಎಳೆದ್ರು. ಅಪ್ಪ ನಮಗೆ ನಾಲ್ಕು ದಿನ ಹೇಳಲೇ ಇಲ್ಲ, ಬೈತೀವಿ ಅಂತ. ಆ ನಾಲ್ಕು ದಿನ ಹೋಗಿದ್ದೇ ದೊಡ್ಡ ನಷ್ಟ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ಆ ದುಡ್ಡು ಇನ್ನೊಂದು ಅಕೌಂಟಲ್ಲಿರುವಾಗಲೇ ತಡೆ ಹಿಡಿಯೋ ಅವಕಾಶ ಇರುತ್ತೆ. ಮನೇಲಿ ಹಿರಿಯರು ಕಲೀತಿದ್ರೆ ಮೊದಲೇ ಹೇಳಿಬಿಡಿ, ಏನೇ ತಪ್ಪಾದ್ರೂ ಬೈಯಲ್ಲ, ಆ ನಿಮಿಷಾನೇ ಹೇಳಿ ಅಂತ.

ಅಂಚೆ ಕಾಕಾ ಹೇಳಿದ ಬಲಗಡೆ ಭಾಗ ಇಲ್ಲೇ ಕೆಲಸಕ್ಕೆ ಬರೋದು. ಕಳಿಸಿದವರ ಹೆಸರು ಬ್ಯಾಂಕ್ ಅಂತ ಏನು ಬೇಕಾದ್ರೂ ಹಾಕ್ಕೋಬಹುದು, ಅದರ ಪಕ್ಕದ ವಿಳಾಸದಲ್ಲಿ @ ಆದ ಮೇಲೆ ಏನಿದೆ ನೋಡಿ. ಕಂಪ್ಯೂಟರಲ್ಲಿ ಮೇಲ್ ನೋಡೋದ್ರಿಂದ ಒಂದು ದೊಡ್ಡ ಅನುಕೂಲ ಅಂದ್ರೆ ಲಿಂಕ್ ಮೇಲೆ ಬಾಣ ಇಟ್ರೆ, ಒತ್ತಬೇಡಿ, ಸುಮ್ನೆ ಇಟ್ರೆ ಸಾಕು, ಅದು ಎಲ್ಲಿಗೆ ಕರ್ಕೊಂಡು ಹೋಗುತ್ತೆ ಅನ್ನೋದು ಸ್ಕ್ರೀನಿನ ಕೆಳಗೆ ಎಡಮೂಲೇಲಿ ಕಾಣುತ್ತೆ. ಫೋನಲ್ಲಿ ಅಷ್ಟು ಸುಲಭಕ್ಕೆ ಕಾಣಲ್ಲ. ಅಪ್ಪ ಈಗ ಪ್ರತಿ ಮೇಲ್‌ಗೂ ಇದನ್ನೇ ಮಾಡ್ತಾರೆ.

ಹೊಸದುರ್ಗದ ಟೀಚರ್

ಹಳೇ ಐಡಿ ಸಿಕ್ತು!

ಸೈಬರ್ ಸೆಂಟರ್‌ಗೆ ಹೋದೆ. ಈಗ ಅಲ್ಲಿ ಮೊಬೈಲ್ ಕವರ್ ಅಂಗಡಿ ಇದೆ. ಪಕ್ಕದ ಬೇಕರಿಯವರನ್ನ ಕೇಳಿದೆ, ಆ ಹುಡುಗ ಈಗ ಬೆಂಗಳೂರಲ್ಲಿ ಕೆಲಸದಲ್ಲಿದಾನೆ ಅಂತ ಅವರ ಮನೆ ತೋರಿಸಿದ್ರು. ಅವರ ತಾಯಿ ನನ್ನನ್ನ ಗುರುತು ಹಿಡಿದ್ರು, ಅವರ ಮಗಳು ನನ್ನ ಸ್ಟೂಡೆಂಟು. ಮಗನಿಗೆ ಫೋನ್ ಮಾಡಿಕೊಟ್ರು. 47 ಅವನದೇ ನಂಬರ್, ಪುಣ್ಯಕ್ಕೆ ಬದಲಾಯಿಸಿಲ್ಲ. ಭಾನುವಾರ ನಾನು ಇಲ್ಲಿ ಲ್ಯಾಪ್‌ಟಾಪ್ ಮುಂದೆ, ಅವನು ಅಲ್ಲಿ ಫೋನಲ್ಲಿ, ಕೋಡ್ ಬಂತು, ಓದಿ ಹೇಳ್ದ, ನಾನು ಒಂದೊಂದೇ ಅಂಕಿ ಒತ್ತಿದೆ. ಹೊಸ ಪಾಸ್‌ವರ್ಡ್ ಕೇಳ್ತು, ಹಾಕಿದೆ, ತೆರೀತು.

3,112 ಮೇಲ್ ಇತ್ತು, ಒಂದೂ ಓದಿಲ್ಲ. ಬಹಳಷ್ಟು ಜಾಹೀರಾತು. ಮೇಲ್ಗಡೆ ಹುಡುಕೋ ಜಾಗದಲ್ಲಿ ಇನ್ಶೂರೆನ್ಸ್ ಕಂಪನಿ ಹೆಸರು ಟೈಪ್ ಮಾಡಿದೆ, ಸಾಲಾಗಿ ಬಂತು. 2017ರಿಂದ ಪ್ರತಿ ವರ್ಷದ ಪ್ರೀಮಿಯಂ ರಸೀತಿ, ಒಂದೂ ತಪ್ಪದೆ. ಎರಡು ವರ್ಷದ ಹಿಂದೆ ರಸೀತಿ ಕೊಟ್ಟಿಲ್ಲ ಅಂತ ನಮ್ಮ ಏಜೆಂಟ್ ಹತ್ರ ನಾನು ಜೋರಾಗಿ ಮಾತಾಡಿದ್ದೆ. ಮೇಲ್ ಬಂದಿರುತ್ತೆ ಮೇಡಂ ಅಂತ ಅವರು ಅಂದ್ರೆ ಸುಳ್ಳು ಹೇಳ್ತೀರಾ ಅಂದಿದ್ದೆ. ನಿನ್ನೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಅವರು ಬಿಡಿ ಮೇಡಂ ಅಂದ್ರು, ಆದ್ರೂ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಇನ್ನೊಂದು, ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್ ತೆಗೆದ್ರೆ ಅದೂ ಪಾಸ್‌ವರ್ಡ್ ಕೇಳುತ್ತೆ. ಜಿಮೇಲ್ ಪಾಸ್‌ವರ್ಡ್ ಹಾಕಿದೆ, ಆಗ್ಲಿಲ್ಲ.

ತುಮಕೂರು ಸೈಬರ್

ಓದಿ ತುಂಬಾ ಸಮಾಧಾನ ಆಯ್ತು ಟೀಚರ್. ಇನ್ನೂ ಒಂದು ಕೆಲಸ ಬಾಕಿ ಇದೆ, ಇವತ್ತೇ ಮಾಡಿ. ಬಲಗಡೆ ಮೇಲೆ ನಿಮ್ಮ ಹೆಸರಿನ ಅಕ್ಷರ ಇರೋ ದುಂಡನೆ ಚಿತ್ರ ಒತ್ತಿ, ಗೂಗಲ್ ಅಕೌಂಟ್‌ಗೆ ಹೋಗಿ, ಸೆಕ್ಯೂರಿಟಿ ಅನ್ನೋ ಕಡೆ ರಿಕವರಿ ಫೋನ್ ಇರುತ್ತೆ. 47 ತೆಗೆದು ನಿಮ್ಮ ನಂಬರ್ ಹಾಕಿ. ರಿಕವರಿ ಇಮೇಲ್ ಅಂತಾನೂ ಇರುತ್ತೆ, ಅಲ್ಲಿ ನೀವು ಅಭ್ಯಾಸಕ್ಕೆ ಮಾಡ್ಕೊಂಡ ಹೊಸ ಐಡಿ ಹಾಕಿ. ನಂಬರ್ ಬದಲಾಯಿಸಿದ ಮೇಲೂ 7 ದಿನ ಹಳೇ ನಂಬರ್‌ಗೆ ಕೋಡ್ ಹೋಗೋ ಸಾಧ್ಯತೆ ಇರುತ್ತೆ, ಹಾಗಾಗಿ ಒಂದು ವಾರ ಬಿಟ್ಟು ಮತ್ತೆ ನೋಡಿ. ನಿಮ್ಮ ಡಿವೈಸ್‌ಗಳು ಅನ್ನೋ ಕಡೆ ಗೊತ್ತಿಲ್ಲದ ಕಂಪ್ಯೂಟರ್ ಇದ್ರೆ ಸೈನ್ ಔಟ್ ಒತ್ತಿ.

ಪಿಡಿಎಫ್ ಪಾಸ್‌ವರ್ಡ್ ಬೇರೆ. ಆ ಮೇಲ್‌ನಲ್ಲೇ ಕೆಳಗೆ ಬರೆದಿರ್ತಾರೆ, ಹೆಸರಿನ ಮೊದಲ ನಾಲ್ಕು ಅಕ್ಷರ ಜೊತೆಗೆ ಹುಟ್ಟಿದ ದಿನ ತಿಂಗಳು, ಇಲ್ಲಾ ಕಸ್ಟಮರ್ ನಂಬರ್, ಒಂದೊಂದು ಬ್ಯಾಂಕಿಂದು ಒಂದೊಂದು ಥರ. ಮೇಲ್ ಪೂರ್ತಿ ಓದಿ.

ಪಾಸ್‌ವರ್ಡ್ ಬರ್ಕೋಬೇಡಿ ಅಂತ ಎಲ್ಲಾ ಕಡೆ ಹೇಳ್ತಾರೆ. ನಾನು ಬರ್ಕೊಳ್ಳಿ ಅಂತೀನಿ. ಮನೆ ಬೀರುವಿನ ಡೈರೀಲಿ ಇರೋ ಪಾಸ್‌ವರ್ಡ್ ಕದಿಯೋಕೆ ಯಾರೂ ಬರಲ್ಲ, ಮರೆತು ಅಕೌಂಟ್ ಕಳ್ಕೊಂಡೋರನ್ನ ಮಾತ್ರ ನಾನು ದಿನಾ ನೋಡಿದೀನಿ. ಕ್ಯಾಪಿಟಲ್ ಅಕ್ಷರದ ಕೆಳಗೆ ಒಂದು ಗೆರೆ ಎಳೀರಿ.

ಮೈಸೂರಿನ ಮಗಳು

ಟೀಚರ್, ತುಂಬಾ ಖುಷಿ. ಆದ್ರೆ ಓದೋ ಬೇರೆಯವರು ತಪ್ಪು ತಿಳ್ಕೋಬಾರದು ಅಂತ ಒಂದು ಮಾತು. ಇಲ್ಲಿ ಆ ಹುಡುಗ ಟೀಚರ್‌ಗೆ ಕೋಡ್ ಹೇಳಿದ್ದು ಸರಿ, ಯಾಕಂದ್ರೆ ಅಕೌಂಟ್ ಟೀಚರ್‌ದು, ಅವರೇ ಹುಡುಕ್ಕೊಂಡು ಹೋಗಿ ಕೇಳಿದ್ರು. ನಿಮಗೆ ಯಾರಾದ್ರೂ ತಾವಾಗೇ ಫೋನ್ ಮಾಡಿ ನಿಮ್ಮ ಫೋನಿಗೆ ಬಂದ ಕೋಡ್ ಹೇಳಿ ಅಂದ್ರೆ ಅದು ಬೇರೆ ಮಾತು, ಬ್ಯಾಂಕಿನವರು ಅಂದ್ರೂ, ಗೂಗಲ್‌ನವರು ಅಂದ್ರೂ ಹೇಳ್ಬೇಡಿ.

ಧಾರವಾಡದ ಅಂಚೆ ಕಾಕಾ

ಕೀಲಿ ಕೈಗೆ ಬಂತು, ಭಾಳ ಛಲೋ ಆತ್ರಿ. ಇನ್ನೊಂದು ಹೇಳ್ತೀನಿ. ಯಾವತ್ತರೇ ಪ್ರಿಂಟ್ ತಗೀಲಿಕ್ಕೆ ಹೊರಗಿನ ಕಂಪ್ಯೂಟರಿನ್ಯಾಗ ಮೇಲ್ ತೆರೆದ್ರ ಬರೇ ಲಾಗೌಟ್ ಮಾಡಿದ್ರ ಮುಗೀಲಿಲ್ಲ. ನೀವು ಇಳಿಸಿಕೊಂಡ ಪಿಡಿಎಫ್ ಅಲ್ಲೇ ಡೌನ್‌ಲೋಡ್ಸ್ ಅನ್ನೋ ಫೋಲ್ಡರಿನ್ಯಾಗ ಉಳದಿರ್ತದ. ಮೊನ್ನೆ ಒಂದು ಝೆರಾಕ್ಸ್ ಅಂಗಡ್ಯಾಗ ನೋಡ್ದೆ, ಪರದೆ ತುಂಬ ಮಂದಿ ಆಧಾರ್ ಕಾರ್ಡು, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು. ಹೊಟ್ಟಿಯೊಳಗ ಕಿವಿಚಿದಂಗಾತು. ಪ್ರಿಂಟ್ ಆದಮ್ಯಾಲ ನಿಂತು ಅದನ್ನ ಡಿಲೀಟ್ ಮಾಡಿಸ್ರಿ, ರಿಸೈಕಲ್ ಬಿನ್‌ನಿಂದನೂ ತಗಸ್ರಿ, ಆಮ್ಯಾಲ ರೊಕ್ಕ ಕೊಡ್ರಿ.

ಹೊಸದುರ್ಗದ ಟೀಚರ್

ಎಲ್ಲಾ ಮಾಡಿದೆ. ರಿಕವರಿ ಫೋನ್ ಈಗ ನನ್ನದೇ. ಪಿಡಿಎಫ್ ತೆರೀತು, ಪಾಸ್‌ವರ್ಡ್ ಏನು ಅಂತ ಮೇಲ್‌ನ ಕೊನೇ ಸಾಲಲ್ಲೇ ಬರೆದಿದ್ರು. ಡೈರೀಲಿ ಕ್ಯಾಪಿಟಲ್ ಕೆಳಗೆ ಗೆರೆ ಎಳೆದಿದೀನಿ.

ಇವತ್ತು ಸಂಜೆ ನಮ್ಮ ಪಕ್ಕದ ಮನೆಯವರು ಬಂದಿದ್ರು, ರಿಟೈರ್ಡ್ ಬಸ್ ಕಂಡಕ್ಟರ್. ಅವರ ಪಿಂಚಣಿ ಆಫೀಸಲ್ಲಿ ಇಮೇಲ್ ಐಡಿ ಕೇಳಿದಾರಂತೆ, ಅವರ ಹತ್ರ ಇರೋದು ಬಟನ್ ಫೋನು. ಕುರ್ಚೀಲಿ ಅವರನ್ನ ಕೂರಿಸಿ ನಾನು ಹಿಂದೆ ಕೈ ಕಟ್ಟಿಕೊಂಡು ನಿಂತೆ. ಎರಡು ಸಲ ಕೈ ತಾನಾಗೇ ಮೌಸ್ ಕಡೆ ಹೋಯ್ತು, ತಡ್ಕೊಂಡೆ. ಇವತ್ತು ಮೌಸ್ ಅಷ್ಟೇ ಮಾಡಿದ್ವಿ. ಬಟನ್ ಫೋನಿಗೂ ಕೋಡ್ ಬರುತ್ತಾ? ಯಾರಿಗಾದ್ರೂ ಗೊತ್ತಿದ್ರೆ ನಾಳೆ ಸಂಜೆ ಐದರೊಳಗೆ ಹೇಳಿ, ಐದಕ್ಕೆ ಬರ್ತಾರೆ.

ಉಡುಪಿ ಕಂಪ್ಯೂಟರ್ ಕ್ಲಾಸ್

ಬರ್ತದೆ ಟೀಚರೇ. ಕೋಡ್ ಸಾಮಾನ್ಯವಾಗಿ ಮಾಮೂಲಿ ಎಸ್ಸೆಮ್ಮೆಸ್ಸಲ್ಲೇ ಬರುವುದು, ನನ್ನ ಕ್ಲಾಸಲ್ಲಿ ಬಟನ್ ಫೋನಿನವರು ಸುಮಾರು ಜನ ಇದ್ದಾರೆ. ಅವರ ಸ್ವಂತ ನಂಬರನ್ನೇ ಹಾಕಿಸಿ, ನಿಮ್ಮದು ಬೇಡ. ಮತ್ತೆ ಬರುವಾಗ ಫೋನ್ ಚಾರ್ಜ್ ಮಾಡಿಕೊಂಡು ಬರಲಿಕ್ಕೆ ಹೇಳಿ, ಇನ್‌ಬಾಕ್ಸ್ ತುಂಬಿದ್ದರೆ ಹಳೆ ಮೆಸೇಜ್ ಸ್ವಲ್ಪ ಅಳಿಸಿ, ಇಲ್ಲದಿದ್ದರೆ ಹೊಸ ಕೋಡ್‌ಗೆ ಜಾಗ ಇರುವುದಿಲ್ಲ.